ಮೈತುಂಬ ಊನ್

“ಬೈದಿಲ್ಲೋ ಮಾರಾಯ, ಹೊಗಳ್ಯಾರ. ನೀ ಯಾಕ ಹಿಂಗ ಬೆವರಾಕತ್ತೀದಿ?” ಎಂದರು ಹಸನ್‌ಸಾಬರು.

ಲಾಲಪ್ಪ ನಂಬಲಿಲ್ಲ. ಮಸ್ಕಿಯ ಮುಸಾಫಿರ್ ಬಂಗಲೆಯಿಂದ ಪಿಂಜಾರ ಹಸನ್‌ಸಾಬರ ಕಟ್ಟೆಯವರೆಗೆ ಅವನು ಓಡಿಯೇ ಬಂದಿದ್ದ. ಹೆಗಲ ಮೇಲೆ ಕಂಬಳಿಯ ಹೊರೆ, ಎದೆಯೊಳಗೆ ಡವಡವ. ಕಟ್ಟೆಯ ಮೇಲೆ ಹೊರೆ ಇಳಿಸಿ, ತಾನೂ ಅದರ ಮೇಲೇ ಕುಸಿದು ಕುಳಿತ.

“ಹೊಗಳೋದು ಹಿಂಗಿರತೈತೇನು ಕಾಕಾ? ಸಾಹೇಬ್ರು ಕಂಬಳಿ ಕೈಯಾಗ ಹಿಡಕೊಂಡ್ರು, ತಿಕ್ಕಿ ನೋಡಿದ್ರು, ಮೂಗಿಗೆ ಹಚ್ಚಿದ್ರು. ಆಮ್ಯಾಲ ‘ಊನ್ ಹೈ, ಊನ್ ಹೈ’ ಅಂದ್ರು. ಜವಾನನೂ ಹೌದು ಹೌದು ಅಂತ ಗೋಣು ಹಾಕಿದ. ನನ್ನ ಕಂಬಳ್ಯಾಗ ಎಲ್ಲೈತಿ ಊನ? ಒಂದು ತೂತಿಲ್ಲ, ಒಂದು ಎಳಿ ಹರದಿಲ್ಲ.”

“ಅದು ನಮ್ಮ ಕನ್ನಡದ ಊನ ಅಲ್ಲಲೇ, ಉರ್ದುದಾಗಿನ ಊನ್. ಊನ್ ಅಂದ್ರ ಉಣ್ಣಿ. ಅಸಲ್ ಉಣ್ಣಿ ಐತಿ, ಹತ್ತಿ ಬೆರಸಿಲ್ಲ, ಫೌಜಿನವ್ರಿಗೆ ಛಲೋ ಅಂತ ಅಂದಿರಬೇಕು. ನೀ ಓಡಿ ಬರದ ಅಲ್ಲೇ ನಿಂತಿದ್ರ ಅದೂ ಕೇಳಸ್ತಿತ್ತು.”

ಲಾಲಪ್ಪನ ಬೆವರು ಹಾಗೇ ನಿಂತಿತು. ಬಾಯಿ ಮೆಲ್ಲಗೆ ತೆರೆಯಿತು. “ಊನ್,” ಎಂದು ಒಮ್ಮೆ ಅಂದು ನೋಡಿದ. ಹೋಳಿಗೆಯ ಮೊದಲ ತುತ್ತನ್ನು ನಾಲಿಗೆಯ ಮೇಲಿಟ್ಟುಕೊಂಡವನ ಹಾಗೆ ಮುಖ ಮಾಡಿದ.

ಯುದ್ಧದ ಕಾಲ ಅದು. ಫೌಜಿಗೆ ಕಂಬಳಿ ಬೇಕೆಂದು ಹೈದರಾಬಾದಿನಿಂದ ಯಾರೋ ಒಬ್ಬ ಸಾಹೇಬರು ಲಿಂಗಸುಗೂರು ಕಡೆಯೆಲ್ಲ ತಿರುಗುತ್ತ ಮಸ್ಕಿಗೂ ಬಂದಿದ್ದರು. ಅವರು ಆಮೇಲೆ ಇಲ್ಲಿ ಕಂಬಳಿ ಕೊಂಡರೋ ಬಿಟ್ಟರೋ, ನಮಗೆ ಬೇಕಿಲ್ಲ. ಅವರು ಮರೆತು ಬಿಟ್ಟುಹೋದ ಆ ಒಂದು ಶಬ್ದ ಸಾಕು. ಅದೊಂದರಿಂದ ಎರಡು ಮನೆಗಳು ಹೇಗೆ ಅಲುಗಾಡಿದವು ಎಂಬುದನ್ನು ನೋಡಿದವರು ಹೇಳಿದ ಹಾಗೆ ಹೇಳುತ್ತೇನೆ.

ಲಾಲಪ್ಪ ಕೆಟ್ಟವನಲ್ಲ. ಹಾಲುಮತದವನು, ಕಂಬಳಿ ವ್ಯಾಪಾರದವನು. ಅವನ ಕಂಬಳಿ ಹೊದ್ದು ಮಳೆಯಲ್ಲಿ ನಿಂತರೆ ನೀರು ಹನಿಹನಿಯಾಗಿ ಜಾರಿ ಬೀಳುತ್ತಿತ್ತೇ ಹೊರತು ಒಳಗೆ ಇಳಿಯುತ್ತಿರಲಿಲ್ಲ. ಹಾಸಿದರೆ ಹಾಸಿಗೆ, ಹೊದ್ದರೆ ಹೊದಿಕೆ, ತಲೆಯ ಮೇಲೆ ಕೊಪ್ಪೆ ಹಾಕಿಕೊಂಡರೆ ನಡೆದಾಡುವ ಮನೆ. ದೇವರ ಗದ್ದಿಗೆಗೂ ಅದೇ, ಹಸುಗೂಸಿನ ಜೋಳಿಗೆಗೂ ಅದೇ. ಇಷ್ಟೆಲ್ಲ ಗುಣವಿದ್ದರೂ ಕಂಬಳಿಗೆ ಕಂಬಳಿ ಎಂದೇ ಹೆಸರು. ಕಚೇರಿಗೆ ಹೋದರೆ “ಏ ಕಂಬಳ್ಯಾ, ಆ ಕಡೆ ಕೂಡು” ಎನ್ನುವರು. ಅದು ಲಾಲಪ್ಪನ ಎದೆಯಲ್ಲಿ ಬಹುದಿನದ ಮುಳ್ಳು. ಈಗ ನೋಡಿದರೆ ತಾನು ಇಷ್ಟು ವರ್ಷ ಮಾರಿದ್ದು ಊನ್. ತಾನು ಊನ್ ವ್ಯಾಪಾರಿ. ಮುಳ್ಳು ತಾನಾಗಿಯೇ ಹೊರಗೆ ಬಿದ್ದಿತು.

ಮನೆಗೆ ಬಂದಾಗ ಹೆಂಡತಿ ಯಮನಮ್ಮ ಉಣ್ಣೆಯ ಗಂಟನ್ನು ಬದಿಗೆ ಸರಿಸಿ ಪಡಸಾಲೆ ಬಳಿಯುತ್ತಿದ್ದಳು.

“ಉಣ್ಣಿ ಗಂಟು ಒಳಗ ಇಡ್ಲೇನ್ರೀ?”

“ಏನಂದಿ?”

“ಉಣ್ಣಿ ಗಂಟು.”

“ಉಣ್ಣಿ ಅಂದ್ರ ಕುರಿ ಕಿವ್ಯಾಗ ಕಚ್ಚಿಕೊಂಡು ರಕ್ತ ಕುಡೀತೈತಲ್ಲ, ಆ ಹುಳ. ಇದಕ್ಕ ಊನ್ ಅಂತಾರ.”

“ನಿನ್ನಿತನ ಉಣ್ಣಿನ ಇತ್ತಲ್ರೀ.”

“ನಿನ್ನಿತನ ನಾನೂ ದಡ್ಡ ಇದ್ದೆ.”

“ಇವತ್ತ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಯಮನಮ್ಮ ಗಂಟು ಹೊತ್ತುಕೊಂಡು ಒಳಗೆ ಹೋದಳು.

ಇಷ್ಟಕ್ಕೇ ನಿಂತಿದ್ದರೆ ಊರಿನವರು ನಾಲ್ಕು ದಿನ ನಕ್ಕು ಬಿಡುತ್ತಿದ್ದರು. ಆದರೆ ಆಗ ಲಾಲಪ್ಪನ ಮಗ ಅಯ್ಯಪ್ಪನಿಗೆ ಹೆಣ್ಣು ನೋಡುವ ಮಾತು ನಡೆದಿತ್ತು. ಜವಳಗೇರಾದ ಮುದುಕಪ್ಪನ ಮಗಳು ಅಮರಮ್ಮ. ಮುದುಕಪ್ಪನೆಂದರೆ ಸಾಮಾನ್ಯನಲ್ಲ, ಅವನ ಕುರಿ ಹಿಂಡು ದಾರಿ ದಾಟುವಾಗ ಸರ್ವೀಸ್ ಮೋಟಾರಿನ ಡ್ರೈವರ್ ಇಂಜಿನ್ ಬಂದ್ ಮಾಡಿ ಬೀಡಿ ಸೇದಿ ಮುಗಿಸುತ್ತಿದ್ದ ಎಂದು ಹೇಳುತ್ತಾರೆ. ಅಂಥ ಮನೆಗೆ ಹೋಗುವಾಗ ಹುಡುಗ ಧೋತರ ಅಂಗಿಯಲ್ಲಿ ಹೋದರೆ ಊನ್ ವ್ಯಾಪಾರಿಯ ಮಾನ ಏನಾಗಬೇಕು?

ಲಾಲಪ್ಪ ತನ್ನ ಕಂಬಳಿಗಳಲ್ಲಿ ಎಲ್ಲಕ್ಕಿಂತ ದಪ್ಪದ್ದನ್ನು ಆರಿಸಿ ದರ್ಜಿ ಬಾಬುಸಾಬನ ಮುಂದೆ ಹಾಕಿದ.

“ಇದರಾಗ ಹುಡುಗಗ ಒಂದು ಕೋಟು ಹೊಲಿ. ಮೊಣಕಾಲತನ ಬರಬೇಕು. ಮ್ಯಾಲೊಂದು ಟೋಪಿ.”

“ಕಂಬಳ್ಯಾಗ?”

“ಊನ್‌ನಾಗ.”

ಬಾಬುಸಾಬ್ ಕಂಬಳಿಯನ್ನು ಬೆರಳಲ್ಲಿ ಬಾರಿಸಿದ. ಅದು ಹಲಗೆಯಂತೆ ಸದ್ದು ಮಾಡಿತು. “ಲಾಲಪ್ಪ, ಊನ್ ಅಂದ್ರ ಏನು ಅಂತ ನನಗ ಹೇಳಬ್ಯಾಡ. ಹೈದರಾಬಾದಿನವ್ರ ಊನ್ ಬೆಕ್ಕಿನ ಬೆನ್ನು ಇದ್ದಂಗ ಇರತೈತಿ. ನಿಂದು ಜಾಲಿ ಬೇಲಿ. ಇಲ್ಲಾ ಅಂದ್ರೂ ಒಂದು ಸಲ ಹಳ್ಳದಾಗ ಅದ್ದಿ ತಾ, ಹುಣಸಿ ಬೀಜದ ಗಂಜಿ ಅರ ಹೋಗಲಿ.”

“ಗಂಜಿ ಹೋದ್ರ ಖದರು ಹೋಗತೈತಿ.”

“ಗಂಜಿ ಇದ್ರ ಹುಡುಗನ ಕೈ ಬಗ್ಗಂಗಿಲ್ಲೋ.”

“ಯಾರ ಮುಂದ ಬಗ್ಗಬೇಕಾಗೈತಿ ಅವ?” ಎಂದ ಲಾಲಪ್ಪ.

ಬಾಬುಸಾಬ್ ಸೂಜಿಗೆ ದಾರ ಪೋಣಿಸಿದ. ಸೂಜಿಗಳೆಲ್ಲ ಮುರಿದ ಮೇಲೆ ಗೋಣಿಚೀಲ ಹೊಲಿಯುವ ದಬ್ಬಣದಲ್ಲಿ ಕೋಟು ಮುಗಿಸಿದ. ಮುಗಿದ ಕೋಟನ್ನು ಗೂಟಕ್ಕೆ ಹಾಕುವ ಅಗತ್ಯ ಬೀಳಲಿಲ್ಲ. ಅದು ಅಂಗಡಿಯ ಮೂಲೆಯಲ್ಲಿ ತಾನೇ ನಿಂತುಕೊಂಡಿತು. ಸಂಜೆಯ ಮಬ್ಬಿನಲ್ಲಿ ಬಂದ ಗಿರಾಕಿಯೊಬ್ಬ ಅದಕ್ಕೆ ಸಲಾಮು ಮಾಡಿದನಂತೆ.

ಅಯ್ಯಪ್ಪ ಮಾತು ಕಡಿಮೆಯ ಹುಡುಗ. ಕೋಟು ತೊಡಿಸಿದಾಗ “ಅಪ್ಪ” ಎಂದ. “ಏನು?” ಎಂದರೆ “ಏನಿಲ್ಲ” ಎಂದ. ಆ “ಏನಿಲ್ಲ”ದೊಳಗೆ ಬಹಳ ಇತ್ತು. ಆದರೆ ಲಾಲಪ್ಪ ಆಗ ನಾಲ್ಕು ಹೆಜ್ಜೆ ಹಿಂದೆ ಸರಿದು, ಕಣ್ಣು ಕಿರಿದು ಮಾಡಿ, ಕೋಟಿನ ಅಂದ ನೋಡುತ್ತಿದ್ದ.

ಮುಂದಿನ ಸಂತೆಗೆ ಸಿಂಧನೂರಿಗೆ ಹೋದಾಗ ಮುದುಕಪ್ಪ ಸಿಕ್ಕ. ಕುರಿ ಸಾಲಿನ ಆಚೆ, ಬೇವಿನ ನೆರಳಲ್ಲಿ ಇಬ್ಬರೂ ಎಲೆ ಅಡಿಕೆ ಬಿಚ್ಚಿಕೊಂಡು ಕುಳಿತರು. ಮುದುಕಪ್ಪ ತಗ್ಗಿದ ದನಿಯ ಮನುಷ್ಯ. ಕುರಿಗಳಿಗೂ ಬೈಯದೆ ತಿಳಿಹೇಳುವವನು. ಉರ್ದು ಅವನ ಹತ್ತಿರ ಸುಳಿದದ್ದಿಲ್ಲ.

“ಹುಡುಗ ಆರಾಮದಾನಿಲ್ಲ?” ಎಂದು ಕೇಳಿದ.

ಲಾಲಪ್ಪ ಇದೇ ಪ್ರಶ್ನೆಗೆ ಕಾದಿದ್ದ. “ಹುಡುಗಂದೇನು ಹೇಳ್ಲಿ ಅಣ್ಣಾರ. ಅವನ ಮೈತುಂಬ ಊನ್.”

ಮುದುಕಪ್ಪನ ಕೈಯಲ್ಲಿದ್ದ ಎಲೆಗೆ ಸುಣ್ಣ ಹಚ್ಚುವುದು ನಿಂತಿತು. “ಊನ?”

“ನೆತ್ತಿಯಿಂದ ಮೊಣಕಾಲತನ. ಬ್ಯಾರೇದೇನೂ ಬೆರತಿಲ್ಲ.”

“ಹುಟ್ಟಿದಾಗಿಂದ ಏನು?”

“ಹುಟ್ಟಿದಾಗಿಂದ ಅಂತೀರೇನು, ನಮ್ಮ ಮುತ್ಯಾನ ಕಾಲದಿಂದ ಬಂದದ್ದು. ನಮ್ಮ ವಂಶಕ್ಕ ಊನ್ ಬಿಟ್ರ ಬ್ಯಾರೆ ಏನೈತ್ರಿ?”

“ಹೆಣ್ಮಕ್ಕಳಿಗೂ?” ಮುದುಕಪ್ಪನ ದನಿ ಇನ್ನೂ ತಗ್ಗಿತು.

“ಹೆಣ್ಮಕ್ಕಳಿಂದನ ಅದು ಉಳದೈತಿ. ನಮ್ಮಾಕಿ ದಿನಾ ಮುಂಜಾನಿ ಬಿಸಿಲಿಗೆ ಹಾಕಿ, ಕೋಲು ತಗೊಂಡು ಬಡೀತಾಳ. ಬಡೀಲಿಲ್ಲಂದ್ರ ಹುಳ ಬೀಳತಾವ.”

“ಶಿವನೇ. ಔಷಧ?”

“ಔಷಧ ಎದಕ್ಕ? ಬೇವಿನ ತಪ್ಪಲ ಹಾಕಿ ಸುತ್ತಿ ಇಟ್ರ ಮುಗೀತು. ಹೈದರಾಬಾದಿನಿಂದ ದೊಡ್ಡ ಸಾಹೇಬ್ರು ಬಂದಿದ್ರಲ್ಲ, ಅವ್ರು ಮುಟ್ಟಿ, ಮೂಸಿ ನೋಡಿ, ಊನ್ ಅಂದ್ರ ಇದು ಊನ್ ಅಂದ್ರು.”

ಮುದುಕಪ್ಪ ಎಲೆ ಕೆಳಗಿಟ್ಟ. ಆಮೇಲೆ ಲಾಲಪ್ಪನ ಎರಡೂ ಕೈ ಹಿಡಿದುಕೊಂಡ. ಅವನ ಕಣ್ಣಲ್ಲಿ ನೀರಿತ್ತು.

“ಲಾಲಪ್ಪ, ಇಂಥಾದ್ದನ್ನ ಜನ ಮುಚ್ಚಿಡ್ತಾರ. ನೀ ಸಂತ್ಯಾಗ ಕುಂತು ಬಾಯಿಬಿಟ್ಟು ಹೇಳಿದಿ.”

“ಮುಚ್ಚಿಡಾಕೇನೈತ್ರಿ ಅಣ್ಣಾರ? ಊರೆಲ್ಲಾ ನೋಡಲಿ ಅಂತನ ನಾ ಇರೋದು,” ಎಂದ ಲಾಲಪ್ಪ. ತನ್ನ ಊನ್ ಕೇಳಿ ಕುರಿಯ ದೊಡ್ಡ ಸಾಹುಕಾರನ ಕಣ್ಣು ತುಂಬಿತಲ್ಲ ಎಂದು ಅವನದೂ ತುಂಬಿತು. ಇಬ್ಬರೂ ಮೂಗು ಒರೆಸಿಕೊಂಡು ಎದ್ದರು. ಒಂದೇ ಮಾತು, ಎರಡು ಅರ್ಥ. ಇಷ್ಟು ಪ್ರೀತಿಯಿಂದ ಅಗಲಿದ ಬೀಗರನ್ನು ಆ ಸಂತೆ ಹಿಂದೆ ಕಂಡಿರಲಿಲ್ಲ.

ಮುದುಕಪ್ಪ ಜವಳಗೇರಾಕ್ಕೆ ಬಂದವನು ಅಕ್ಕ ಯಂಕಮ್ಮನ ಮುಂದೆ ಎಲ್ಲವನ್ನೂ ಹೇಳಿದ. ಯಂಕಮ್ಮ ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದವಳು. ತಾಯಿಯಿಲ್ಲದ ಅಮರಮ್ಮನನ್ನು ಸಾಕಿದವಳು ಅವಳೇ. ಆ ಮನೆಯಲ್ಲಿ ಅವಳು ಹೂಂ ಎನ್ನದೆ ಟಗರೂ ಗುದ್ದುತ್ತಿರಲಿಲ್ಲ.

“ಮೈತುಂಬ ಊನ, ಹುಳ ಬೀಳತಾವ, ಕೋಲಿಲೆ ಬಡೀತಾರ,” ಎಂದು ಅವಳು ಒಂದೊಂದನ್ನೇ ಮೆಲುಕು ಹಾಕಿದಳು. “ಅಂಥಾವಂಗ ನಮ್ಮ ಹುಡುಗೀನ ಕೊಡ್ತೀ?”

“ಹೇಳ್ಯಾರಲ್ಲ ಅಕ್ಕ. ಮುಚ್ಚಿಡಲಿಲ್ಲ.”

ಯಂಕಮ್ಮನ ಗಂಡನಿಗೆ ಇರುಳುಗಣ್ಣು ಇತ್ತು. ಮದುವೆಗೆ ಮೊದಲು ಗಂಡಿನ ಕಡೆಯವರು ಅದನ್ನು ಬಾಯಿಬಿಟ್ಟಿರಲಿಲ್ಲ. ಮದುವೆಯಾದ ಮೇಲೆ ಸಂಜೆಯಾದರೆ ಸಾಕು, ಅವಳು ಅವನ ಕೈ ಹಿಡಿದು ನಡೆಸಬೇಕು. ನಡೆಸಿದಳು, ಅವನಿರುವವರೆಗೂ.

“ಹೇಳಿದ್ರೂ ನಾ ಒಲ್ಲೆ ಅಂತಿದ್ದಿಲ್ಲೋ,” ಎಂದಳು. “ಹೇಳಲಿಲ್ಲಲ್ಲ, ಅದು ನೋಡು.” ಆಮೇಲೆ ಸೆರಗು ಕೊಡವಿ ಎದ್ದಳು. “ಬರಲಿ. ಆದ್ರ ಊನ ಏನೈತಿ, ಎಲ್ಲೈತಿ, ನನ್ನ ಕಣ್ಣಿಲೆ ನೋಡ್ತೀನಿ. ಬಾಯಿ ಮಾತು ಬ್ಯಾಡ.”

ಬಾಗಿಲ ಹಿಂದೆ ಅಮರಮ್ಮನ ಬಳೆ ಒಮ್ಮೆ ಸದ್ದಾಗಿ ನಿಂತಿತು.

ಒಳ್ಳೆಯ ದಿನ ನೋಡಿ ಮಸ್ಕಿಯಿಂದ ನಾಲ್ವರು ಹೊರಟರು: ಲಾಲಪ್ಪ, ಯಮನಮ್ಮ, ಹಿರಿಯರೆಂದು ಹಸನ್‌ಸಾಬರು, ಮತ್ತು ಕೋಟು. ಕೋಟಿನೊಳಗೆ ಅಯ್ಯಪ್ಪನೂ ಇದ್ದ. ಬೇಸಿಗೆ ತುಂಬಿದ ಕಾಲ. ಕರಿಮಣ್ಣಿನ ಹೊಲಗಳು ಬಾಯಿಬಿಟ್ಟಿದ್ದವು. ಸರ್ವೀಸ್ ಮೋಟಾರಿನಲ್ಲಿ ಅಯ್ಯಪ್ಪನನ್ನು ಕೂಡಿಸಲು ನೋಡಿದರು. ಕೋಟು ಸೊಂಟದಲ್ಲಿ ಮಡಚಲಿಲ್ಲ. ಕೈಗಳು ಹೊಲದ ಬೆದರುಬೊಂಬೆಯ ಕೈಗಳಂತೆ ಎರಡೂ ಕಡೆ ಚಾಚಿಕೊಂಡಿದ್ದವು.

“ಇದು ಆಳೋ ಸಾಮಾನೋ?” ಎಂದ ಕಂಡಕ್ಟರ್. “ಸಾಮಾನಾದ್ರ ಮ್ಯಾಲ ಹಾಕ್ತೀನಿ.”

“ಬಾಯಿ ಬಿಗಿ ಹಿಡಿ. ಊನ್ ಐತದು,” ಎಂದ ಲಾಲಪ್ಪ.

“ಪಾಪ,” ಎಂದು ಪಕ್ಕದಲ್ಲಿ ಕುಳಿತಿದ್ದ ಮುದುಕಿಯೊಬ್ಬಳು ಸರಿದು ಜಾಗ ಕೊಟ್ಟಳು.

ಸಿಂಧನೂರಿನಿಂದ ಬಂಡಿ ಮಾಡಿಕೊಂಡು ಜವಳಗೇರಾ ಮುಟ್ಟಿದಾಗ ಮಧ್ಯಾಹ್ನದ ನಮಾಜಿನ ಹೊತ್ತು. “ನೀವು ನಡೀರಿ, ನಾ ಮಸೀದಿಗೆ ಹೋಗಿ ಬಂದೆ,” ಎಂದು ಹಸನ್‌ಸಾಬರು ಬಂಡಿಯಿಂದ ಇಳಿದುಬಿಟ್ಟರು. ಎರಡು ಭಾಷೆಯನ್ನೂ ಬಲ್ಲ ಒಬ್ಬನೇ ಮನುಷ್ಯ ಹೀಗೆ ಬೇಕಾದ ಗಳಿಗೆಯಲ್ಲಿ ದೇವರ ಪಾಲಾದ.

ಮುದುಕಪ್ಪನ ಪಡಸಾಲೆಯಲ್ಲಿ ಕರಿ ಕಂಬಳಿ ಹಾಸಿತ್ತು. ಅವರಲ್ಲಿ ಮದುವೆ ಮಾತು ಕಂಬಳಿಯ ಮೇಲೆಯೇ ಆಗಬೇಕು. ಹಾಸಿದ ಕಂಬಳಿ ಮಾತು ಮುಗಿಯುವವರೆಗೆ ಹಾಸಿಯೇ ಇರಬೇಕು. ನಡುವೆ ಮಡಚಿದರೆ ಮಾತು ಮುರಿಯಿತು ಎಂದೇ ಲೆಕ್ಕ. ಎಲ್ಲರೂ ಕುಳಿತರು. ಅಯ್ಯಪ್ಪ ನಿಂತ.

“ಕೂಡಪ್ಪ,” ಎಂದಳು ಯಂಕಮ್ಮ.

“ಇರಲಿ ಬಿಡವ್ವ,” ಎಂದ ಅಯ್ಯಪ್ಪ. ಮುಖದಿಂದ ಬೆವರು ಧಾರೆಯಾಗಿ ಇಳಿಯುತ್ತಿತ್ತು. ಭುಜ ಆಗಾಗ ತಾನಾಗಿಯೇ ಕುಣಿಯುತ್ತಿತ್ತು.

ಯಂಕಮ್ಮ ನೀರಿನ ತಂಬಿಗೆ ಕೊಟ್ಟಳು. ಅಯ್ಯಪ್ಪ ತೆಗೆದುಕೊಂಡ. ಆದರೆ ತಂಬಿಗೆ ಒಂದು ಕಡೆ, ಬಾಯಿ ಒಂದು ಕಡೆ. ನಡುವೆ ಬಗ್ಗದ ತೋಳು. ಕೊನೆಗೆ ಯಮನಮ್ಮ ಎದ್ದು ಮಗನ ಬಾಯಿಗೆ ನೀರು ಹೊಯ್ದಳು. ಯಂಕಮ್ಮ ತಮ್ಮನ ಕಡೆ ನೋಡಿದಳು. ಮುದುಕಪ್ಪ ನೆಲ ನೋಡಿದ.

“ಕೈ ಮೊದಲಿಂದ ಹಿಂಗೇನು?” ಎಂದು ಯಂಕಮ್ಮ ಮೆಲ್ಲಗೆ ಕೇಳಿದಳು.

“ಊನ್ ಇದ್ರ ಹಂಗನ ಅವ್ವ,” ಎಂದ ಲಾಲಪ್ಪ ಹೆಮ್ಮೆಯಿಂದ. “ಹಗಲೆಲ್ಲ ಇರತೈತಿ. ರಾತ್ರಿ ಬಿಚ್ಚಿ ಮೂಲ್ಯಾಗ ನಿಂದ್ರಸ್ತೀವಿ.”

“ಯಾರನ್ನ?”

“ಊನ್‌ನ.”

ಯಂಕಮ್ಮ ಕಣ್ಣು ಮುಚ್ಚಿ ತೆರೆದಳು. ಅವಳಿಗೆ ಒಳಗೊಳಗೆ ಹುಡುಗನ ಮೇಲೆ ಮರುಕ ಬಂದಿತ್ತು. ಆದರೆ ಮಾತು ಮಾತೇ. “ಲಾಲಪ್ಪ, ನಾ ನೇರ ಕೇಳ್ತೀನಿ, ಸಿಟ್ಟಾಗಬ್ಯಾಡ. ನೀ ಹೇಳಿದ್ದು ಖರೇನೋ, ಇನ್ನೂ ಏನರ ಒಳಗ ಇಟ್ಟೀರೋ, ನಮಗ ಹೆಂಗ ಗೊತ್ತಾಗಬೇಕು? ಊನ ತೋರಸ್ರಿ.”

ಲಾಲಪ್ಪನ ಮುಖ ಕೆಂಪಾಯಿತು. ಅವನ ಜೀವಮಾನದಲ್ಲಿ ಅವನ ಕಂಬಳಿಯ ಮೇಲೆ ಇಂಥ ಸಂಶಯ ಬಂದಿರಲಿಲ್ಲ. “ಹತ್ತಿ ಬೆರಸೀನಿ ಅಂತೀರೇನು? ಆತು. ನಿಮ್ಮ ಕಣ್ಣ ಮುಂದ ಪರೀಕ್ಷಾ ಮಾಡ್ತೀನಿ. ಒಂದು ಕೆಂಡ ತರ್ರಿ.”

“ಕೆಂಡ ಎದಕ್ಕ?”

“ಸುಟ್ಟು ತೋರಸ್ತೀನಿ. ಅಸಲ್ ಊನ್ ಆದ್ರ ಕೂದಲು ಸುಟ್ಟ ವಾಸನಿ ಬರತೈತಿ, ಹಿಡದ ಜಾಗಕ್ಕ ಕಪ್ಪಗ ಗಂಟಾಗತೈತಿ. ಭಗ್ ಅಂತ ಹತ್ತಿ ಉರದ್ರ ಖೋಟಾ ಅಂತ ತಿಳೀರಿ.”

ಕಂಬಳಿ ವ್ಯಾಪಾರದವರೆಲ್ಲ ಒಂದು ಎಳೆ ಕಿತ್ತು ಹೀಗೆ ಸುಟ್ಟು ನೋಡುವುದು ರೂಢಿ. ಆದರೆ ಪಡಸಾಲೆಯಲ್ಲಿ ಕುಳಿತವರಿಗೆ ಕಂಡದ್ದು ಎಳೆಯಲ್ಲ, ಹುಡುಗ. ಮುದುಕಪ್ಪ “ಬ್ಯಾಡ ಲಾಲಪ್ಪ, ನಾವು ನಂಬೀವಿ” ಎನ್ನುವಷ್ಟರಲ್ಲಿ ಲಾಲಪ್ಪ ತಾನೇ ಒಲೆಯ ಕಡೆಗೆ ನುಗ್ಗಿ ಇಕ್ಕಳದಲ್ಲಿ ನಿಗಿನಿಗಿ ಕೆಂಡ ಹಿಡಿದು ತಂದಿದ್ದ. “ಕೈ ಚಾಚಲೇ,” ಎಂದು ಮಗನಿಗೆ ಹೇಳಿದ. ಹೇಳುವ ಅಗತ್ಯವಿರಲಿಲ್ಲ, ಕೈ ಮುಂಜಾನೆಯಿಂದ ಚಾಚಿಯೇ ಇತ್ತು.

ಅಡಿಗೆಮನೆಯ ಬಾಗಿಲಿಂದ ಇದನ್ನೆಲ್ಲ ನೋಡುತ್ತಿದ್ದ ಅಮರಮ್ಮ, ಇಂಥ ಹೊತ್ತಿನಲ್ಲಿ ಹೆಣ್ಣು ಹೊರಗೆ ಬರಬಾರದು ಎಂಬುದನ್ನು ಮರೆತಳು. ತುಂಬಿದ ಕೊಡ ಎತ್ತಿಕೊಂಡು ಬಂದು ಕೆಂಡ, ಲಾಲಪ್ಪ, ಅಯ್ಯಪ್ಪ ಮೂವರ ಮೇಲೂ ಸುರಿದುಬಿಟ್ಟಳು. ಕೆಂಡ ಚುಂಯ್ ಎಂದಿತು. ಲಾಲಪ್ಪನೂ ಹೆಚ್ಚುಕಡಿಮೆ ಅದೇ ಸದ್ದು ಮಾಡಿದ. ಅಯ್ಯಪ್ಪ ಮಾತ್ರ ಆ ದಿನ ಮೊದಲ ಸಲ ಸುಖದಿಂದ ಕಣ್ಣು ಮುಚ್ಚಿದ.

ನೀರು ಮೊದಲು ಕೋಟಿನ ಮೇಲೆ ಮುತ್ತಾಗಿ ಉರುಳಿತು. ಆಮೇಲೆ ದಬ್ಬಣದ ತೂತುಗಳಿಂದ ಮೆಲ್ಲಗೆ ಒಳಗಿಳಿಯಿತು. ಹುಣಸೆ ಬೀಜದ ಗಂಜಿ ಲೋಳೆಯಾಗಿ ತೋಳಿನ ತುದಿಯಿಂದ ತೊಟ್ಟಿಕ್ಕತೊಡಗಿತು. ಅದು ಜಾರಿದಂತೆಲ್ಲ ಬಲಗೈ ಇಳಿಯಿತು. ಎಡಗೈ ಇಳಿಯಿತು. ಮೊಣಕೈ ಬಗ್ಗಿತು. ಅಯ್ಯಪ್ಪ ತನ್ನ ಕೈಗಳನ್ನು ತಾನೇ ನೋಡಿಕೊಂಡು, ಎರಡನ್ನೂ ಕೋಟಿನೊಳಗೆ ತೂರಿಸಿ, ಮನಸಾರೆ ಕೆರೆದುಕೊಂಡ.

“ಹುಡುಗನ ಊನ ಇಳೀತು,” ಎಂದಳು ಯಂಕಮ್ಮ ದನಿಯೇ ಇಲ್ಲದೆ.

ಮುದುಕಪ್ಪ ಕುಲದೇವರು ಬೀರಪ್ಪನನ್ನು ನೆನೆದು ಕೈ ಮುಗಿದ. ಕೊಡ ಹಿಡಿದ ಅಮರಮ್ಮ ತಾನು ಇಂಥದ್ದನ್ನೆಲ್ಲ ಮಾಡಬಲ್ಲೆನೇ ಎಂದು ಬೆರಗಾಗಿ ಬಾಗಿಲ ಹಿಂದೆ ಸರಿದಳು. ಹಸನ್‌ಸಾಬರು ಒಳಗೆ ಕಾಲಿಟ್ಟದ್ದು ಆಗ.

“ಏನಾತ್ರಿ? ಮಳಿ ಬಂದಿಲ್ಲಲ್ಲ ಹೊರಗ.”

“ಹುಡುಗನ ಊನ ಹೋತು ಸಾಬ್ರ,” ಎಂದ ಮುದುಕಪ್ಪ.

“ಊನ್ ಎಲ್ಲಿಗೆ ಹೋಗತೈತಿ? ಕೋಟು ಮೈಮ್ಯಾಲ ಐತಲ್ಲ.” ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿದರು. ಅವರಿಗೆ ಮೆಲ್ಲಮೆಲ್ಲಗೆ ಬೆಳಕು ಹರಿಯಿತು. “ಅಯ್ಯ ನಿಮ್ಮ. ಊನ ಅಲ್ಲವ್ವ, ಊನ್. ಉರ್ದು ಮಾತದು. ಊನ್ ಅಂದ್ರ ಉಣ್ಣಿ.”

ಯಂಕಮ್ಮ ಎರಡು ಹೆಜ್ಜೆ ಹಿಂದೆ ಹಾರಿದಳು. “ಮೈತುಂಬ ಉಣ್ಣಿ? ಅದಕ್ಕ ಹಂಗ ಕೆರಕೊಳ್ಳಾಕತ್ತಾನ. ಏ ಮುದುಕಪ್ಪ, ಕುರಿ ದೊಡ್ಡಿ ಬಾಗಿಲಾ ಹಾಕು, ಅವಕ್ಕೂ ಹತ್ತತಾವ.”

“ಹುಳ ಅಲ್ಲವ್ವ. ತುಪ್ಪಟ. ಕುರಿ ಮೈಮ್ಯಾಲ ಬೆಳೀತೈತಲ್ಲ, ನೀವು ಕತ್ತರಸ್ತೀರಲ್ಲ, ಆ ತುಪ್ಪಟ.”

ಜೀವಮಾನವೆಲ್ಲ ಅದನ್ನೇ ಬೆಳೆದು, ಕತ್ತರಿಸಿ, ಮಾರಿ, ಹೊದ್ದು ಬಾಳಿದ ಮನೆ ಅದು. ಆ ಮನೆಗೆ ತುಪ್ಪಟದ ಪರಿಚಯ ಹೀಗಾಗಬೇಕಾಯಿತು. ಯಮನಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ನಗುವನ್ನು ತಡೆಯುವುದಕ್ಕೋ ಅಳುವನ್ನೋ, ಅವಳಿಗೇ ಗೊತ್ತಿರಲಿಲ್ಲ.

ಒಬ್ಬೊಬ್ಬರಿಗೂ ನಗು ಹತ್ತಿತು. ನಗದಿದ್ದವನು ಮುದುಕಪ್ಪ ಒಬ್ಬನೇ. ಅವನ ಮುಖ ಸಣ್ಣದಾಗಿತ್ತು.

“ಅಂದ್ರ ಲಾಲಪ್ಪ, ನೀ ಸಂತ್ಯಾಗ ಹೇಳಿದ್ದು ಹುಡುಗನ ಊನ ಅಲ್ಲ.”

“ಅಲ್ರಿ ಅಣ್ಣಾರ. ಅವಂಗ ಎಲ್ಲೈತಿ ಊನ? ಚಿನ್ನದಂಥಾ ಹುಡುಗ.”

“ಕೋಟಿನ ಬಡಾಯಿ ಅದು.” ಮುದುಕಪ್ಪ ನಿಟ್ಟುಸಿರಿಟ್ಟ. “ನಾ ಬ್ಯಾರೆ ತಿಳಕೊಂಡೆ. ಇಷ್ಟು ಖರೇ ಮನುಷ್ಯರು ಅದಾರಲ್ಲ, ಹುಡುಗ ಹೆಂಗ ಇರಲಿ, ಈ ಮನಿಗೆ ಕೊಡಬೇಕು ಅಂದಿದ್ದೆ. ನಮ್ಮ ಅಕ್ಕನ್ನೂ ಒಪ್ಪಿಸಿದ್ದೆ.”

ಲಾಲಪ್ಪನಿಗೆ ಲೋಕವೇ ತಿರುಗುಮುರುಗಾದಂತೆ ಕಂಡಿತು. ಊನ ಇದ್ದಾಗ ಹೆಣ್ಣು ಇತ್ತು. ಊನ ಇಲ್ಲವೆಂದಾಗ ಹೆಣ್ಣು ಹೋಗುತ್ತಿದೆ. ಒದ್ದೆ ಮೀಸೆ ಒರೆಸಿಕೊಂಡು ಏನೋ ಹೇಳಹೋದ; ಇಕ್ಕಳ ಇನ್ನೂ ಕೈಯಲ್ಲೇ ಇತ್ತು.

ಯಂಕಮ್ಮ ಬಗ್ಗಿದಳು. “ಏಳ್ರಿ. ಕಂಬಳಿ ಮಡಚತೀನಿ,” ಎಂದಳು. ಒಂದು ಅಂಚು ಹಿಡಿದು ಸುತ್ತತೊಡಗಿದಳು. ಯಮನಮ್ಮ ಅಂಚಿನಿಂದ ಸರಿದಳು, ಹಸನ್‌ಸಾಬರು ಸರಿದರು. ಸುರುಳಿ ಅಯ್ಯಪ್ಪನ ಕಾಲಿನ ತನಕ ಬಂತು. ಅವನು ಸರಿಯಲಿಲ್ಲ.

“ಅತ್ತಿ, ಸ್ವಲ್ಪ ನಿಂದ್ರಿ,” ಎಂದ. ಮುಂಜಾ‌ನೆಯಿಂದ ಕೂಡಿಟ್ಟ ಮಾತೆಲ್ಲ ಒಮ್ಮೆಲೇ ಹೊರಬಿತ್ತು. “ನನಗ ಒಂದು ಊನ ಐತ್ರಿ. ಅಪ್ಪಗೂ ಗೊತ್ತಿಲ್ಲ.”

“ಲೇ,” ಎಂದ ಲಾಲಪ್ಪ.

“ನನಗ ಕಂಬಳಿ ಆಗಂಗಿಲ್ರಿ. ಮೈಗೆ ತಾಗಿದ್ರ ಸಾಕು, ದದ್ದು ಏಳತಾವ, ತುರಿಸಿ ತುರಿಸಿ ಸಾಕಾಗತೈತಿ. ಅಂಗಡ್ಯಾಗ ಕಂಬಳಿ ಬಿಚ್ಚಿ ತೋರಸೋ ಹೊತ್ತಿಗೆ ನಾ ಅಂಗಿ ತೋಳು ಉದ್ದ ಮಾಡಿ ಹಿಡಕೊಂತೀನಿ. ಹಾಲುಮತದಾಗ ಹುಟ್ಟಿ ಕಂಬಳಿ ಆಗಂಗಿಲ್ಲ ಅಂದ್ರ ಅಪ್ಪನ ಮಾನ ಹೋಗತೈತಿ ಅಂತ ಹೇಳಿರಲಿಲ್ಲ. ನಿಮ್ಮ ಮನಿ ತುಂಬ ಕಂಬಳೀನ ಅದಾವ. ನಾಳೆ ಅಳಿಯ ಬಂದು ನೆಲದ ಮ್ಯಾಲ ಮಲಗಿದ್ರ ಬ್ಯಾಸರ ಮಾಡ್ಕೋಬ್ಯಾಡ್ರಿ. ಅಷ್ಟ.”

ಲಾಲಪ್ಪ ಮಗನ ಕತ್ತು ನೋಡಿದ. ಟೋಪಿಯ ಕೆಳಗಿಂದ ಕೆಂಪು ಗೆರೆಗಳು ಕೋಟಿನೊಳಗೆ ಇಳಿದಿದ್ದವು. ಊರಿಗೆಲ್ಲ ಊನ್ ತೋರಿಸಿದವನು ಇದನ್ನು ಮಾತ್ರ ನೋಡಿರಲಿಲ್ಲ. ಇಕ್ಕಳ ಕೆಳಗಿಟ್ಟು, ಮಗನ ಕೋಟಿನ ಗುಂಡಿಗೆ ಕೈ ಹಾಕಿದ. “ಬಿಚ್ಚಲೇ, ಬಿಚ್ಚು. ಮೊದಲ ಹೇಳಬಾರದೇನೋ ಹುಚ್ಚಪ್ಯಾಲಿ,” ಎಂದ. ದಬ್ಬಣದ ಹೊಲಿಗೆ; ಗುಂಡಿ ಬಿಡಲಿಲ್ಲ. ಹಸನ್‌ಸಾಬರು ಇನ್ನೊಂದು ಕಡೆಯಿಂದ ಎಳೆದರು. ಅಪ್ಪ, ಪಿಂಜಾರ ಸೇರಿ ಕುರಿಯ ತುಪ್ಪಟ ಬಿಡಿಸಿದ ಹಾಗೆ ಅವನನ್ನು ಬಿಡಿಸಿದರು.

ಅಷ್ಟರಲ್ಲಿ ಬಾಗಿಲ ಹಿಂದಿನಿಂದ ದನಿ ಬಂತು. “ಅಪ್ಪ, ನನಗೂ ಅಷ್ಟ.”

ಮುದುಕಪ್ಪ ತಿರುಗಿದ. “ಏನು ಅಷ್ಟ?”

“ಕಂಬಳಿ ತುರಸತೈತಿ. ಅತ್ತಿ ಮಲಗಿದ ಮ್ಯಾಲ ನಾ ಕಂಬಳಿ ಸರಿಸಿ ಬರೇ ನೆಲಕ್ಕ ಮಲಕ್ಕೊಂತೀನಿ.”

“ಯಾವತ್ತಿಂದ?” ಎಂದಳು ಯಂಕಮ್ಮ. ಕಂಬಳಿಯ ಸುರುಳಿ ಅವಳ ಕೈಯಲ್ಲೇ ನಿಂತಿತ್ತು.

“ಸಣ್ಣಾಕಿ ಇದ್ದಾಗಿಂದ.”

“ನನಗ ಒಂದು ಮಾತು ಹೇಳಲಿಲ್ಲಲ್ಲೇ.”

“ನೀ ದಿನಾ ರಾತ್ರಿ ಹೊದಿಸಿ, ಕಾಲಿನ ಕಡೆ ಒತ್ತಿ, ಬೆಚ್ಚಗಾತೇನು ಅಂತ ಕೇಳತಿದ್ದಿ. ಹೆಂಗ ಹೇಳ್ಲಿ?”

ಯಂಕಮ್ಮ ಸುರುಳಿಯನ್ನು ನೆಲಕ್ಕಿಟ್ಟಳು. ಮುಚ್ಚಿಟ್ಟವರನ್ನು ಬಾಳೆಲ್ಲ ಬೈದುಕೊಂಡು ಬಂದವಳ ಮಗ್ಗುಲಲ್ಲೇ ಒಬ್ಬಳು ಇಷ್ಟು ವರ್ಷ ಮುಚ್ಚಿಟ್ಟುಕೊಂಡು ಮಲಗಿದ್ದಳು.

“ಅಣ್ಣಾರ,” ಎಂದ ಲಾಲಪ್ಪ, ದನಿ ತೀರ ತಗ್ಗಿಸಿ. “ನಾ ಬಡಾಯಿ ಕೊಚ್ಚಿದ್ದು ಖರೇ. ನನ್ನ ಹುಡುಗ ಕೊಚ್ಚಿಲ್ಲ. ನೀವು ಅವನ್ನ ನೋಡ್ರಿ.”

ಮುದುಕಪ್ಪ ನೋಡಿದ. ಬರಿಮೈಯಲ್ಲಿ, ಒದ್ದೆ ಧೋತರದಲ್ಲಿ, ಮೈಯೆಲ್ಲ ಕೆಂಪು ದದ್ದು ಎದ್ದ ಹುಡುಗ ತಲೆ ತಗ್ಗಿಸಿ ನಿಂತಿದ್ದ.

“ಸಾವಿರ ಕುರಿ ಸಾಕೀನಿ ನಾ,” ಎಂದ ಮುದುಕಪ್ಪ. “ಮಗಳಿಗೂ ಆಗಂಗಿಲ್ಲ, ಅಳಿಯಗೂ ಆಗಂಗಿಲ್ಲ. ಏನಕ್ಕ, ಏನಂತೀದಿ?”

ಯಂಕಮ್ಮ ಸುತ್ತಿದ ಕಂಬಳಿಯನ್ನು ತಿರುಗಿ ಬಿಚ್ಚಿ, ಅಂಚು ಎಳೆದು ಹಾಸಿದಳು. ಒಳಗೆ ಹೋದಳು. ಪೆಟ್ಟಿಗೆಯ ಮುಚ್ಚಳ ತೆಗೆದ ಸದ್ದಾಯಿತು. ಒಗೆದು ಒಗೆದು ಮೆತ್ತಗಾದ ತನ್ನ ನೂಲಿನ ಸೀರೆಯೊಂದನ್ನು ತಂದು, ಎರಡು ಮಡಿಕೆ ಮಾಡಿ ಕಂಬಳಿಯ ಮೇಲೆ ಹಾಸಿ, ಅಂಗೈಯಿಂದ ಸುಕ್ಕು ತೀಡಿದಳು. ಒಬ್ಬರಿಗೆ ಬೇಕಾದ್ದಕ್ಕಿಂತ ಅದು ಅಗಲವಾಗಿತ್ತು. ಅಯ್ಯಪ್ಪನ ತೋಳು ಹಿಡಿದು ಅದರ ಒಂದು ಬದಿಗೆ ಕೂಡಿಸಿ, ಇನ್ನೊಂದು ಬದಿಯ ಸುಕ್ಕನ್ನು ಮತ್ತೊಮ್ಮೆ ತೀಡುತ್ತ, ಅಮರಮ್ಮ ನಿಂತಿದ್ದ ಅಡಿಗೆಮನೆಯ ಬಾಗಿಲ ಕಡೆ ನೋಡಿದಳು.